‘ಸೈಲೆಂಟ್ ಹಿಲ್’ ಹಾರರ್ ಗೇಮ್ ಉರಿಯುವ ಊರೊಂದರ ಸತ್ಯಕಥೆಯೇ? ಇಲ್ಲಿದೆ ವಾಸ್ತವ

“ಸೈಲೆಂಟ್ ಹಿಲ್ ಗೇಮ್ ಕಟ್ಟುಕಥೆಯಲ್ಲ, ಅಮೆರಿಕದಲ್ಲಿ ಇಂದಿಗೂ ಉರಿಯುತ್ತಿರುವ ಊರಿನ ಸತ್ಯಕಥೆ!” ಬಿರುಕು ಬಿಟ್ಟ ರಸ್ತೆಯಿಂದ ಹೊಗೆ ಏಳುವ ಫೋಟೊ ಜತೆ ಇಂಥ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಊರು ನಿಜ, ಬೆಂಕಿಯೂ ನಿಜ. ಆದರೆ ಗೇಮ್ ಹುಟ್ಟಿದ್ದು ಅದರಿಂದಲ್ಲ.

ಆ ಊರು ಯಾವುದು?

ಪೆನ್ಸಿಲ್ವೇನಿಯಾ ರಾಜ್ಯದ ಸೆಂಟ್ರೇಲಿಯಾ. 1962ರಲ್ಲಿ ಅಲ್ಲಿನ ಕಲ್ಲಿದ್ದಲು ಗಣಿಗೆ ಹತ್ತಿದ ಬೆಂಕಿ ನೆಲದಡಿ ಇನ್ನೂ ಆರಿಲ್ಲ. 1981ರಲ್ಲಿ 12 ವರ್ಷದ ಬಾಲಕನೊಬ್ಬನ ಕಾಲಡಿಯ ನೆಲವೇ ಕುಸಿಯಿತು. ಅದೃಷ್ಟವಶಾತ್ ಅವನು ಬದುಕಿದ. ಜನರನ್ನು ಸ್ಥಳಾಂತರಿಸಲು 1984ರಲ್ಲಿ ಅಮೆರಿಕದ ಸಂಸತ್ತು ಸುಮಾರು 4.2 ಕೋಟಿ ಡಾಲರ್ ಮಂಜೂರು ಮಾಡಿತು. 1980ರಲ್ಲಿ ಸಾವಿರ ದಾಟಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ ಕೇವಲ 5.

ಗೊಂದಲ ಹುಟ್ಟಿದ್ದೆಲ್ಲಿ?

ಜಪಾನಿನ ಕೊನಾಮಿ ಕಂಪನಿಯ ಮೊದಲ ಗೇಮ್ ಬಂದದ್ದು 1999ರಲ್ಲಿ. ಅದರಲ್ಲಿ ದಟ್ಟ ಮಂಜಿದೆ, ಅಕಾಲದಲ್ಲಿ ಬೀಳುವ ಹಿಮವಿದೆ. ಗಣಿ ಬೆಂಕಿ ಇಲ್ಲ. ಬೆಂಕಿ, ಬೂದಿ ಸೇರಿದ್ದು 2006ರ ಸಿನಿಮಾದಲ್ಲಿ. ಸೆಂಟ್ರೇಲಿಯಾವನ್ನು ಮಾದರಿಯಾಗಿ ತೆಗೆದುಕೊಂಡವರು ಅದರ ಚಿತ್ರಕಥೆಗಾರ ರೋಜರ್ ಅವರಿ. ಸಿನಿಮಾದ ಸ್ಫೂರ್ತಿಯನ್ನೇ ಜನ ಏಳು ವರ್ಷ ಹಿಂದಿನ ಗೇಮ್‌ಗೂ ಅಂಟಿಸಿದರು.

ಗೇಮ್‌ನ ನಿಜವಾದ ನಂಟು ಪುಸ್ತಕಗಳೊಂದಿಗೆ

ಇದಕ್ಕೆ ಸಾಕ್ಷಿ ಗೇಮ್‌ನೊಳಗೇ ಇದೆ. ಬೀದಿಗಳಿಗೆ ಬ್ಲಾಕ್, ಮ್ಯಾಥಸನ್, ಬ್ರಾಡ್‌ಬರಿ ಮುಂತಾದ ಲೇಖಕರ ಹೆಸರುಗಳಿವೆ. ‘ಬಾಕ್‌ಮನ್’ ರಸ್ತೆಯ ಹೆಸರು ಸ್ಟೀಫನ್ ಕಿಂಗ್ ಅವರ ಕಾವ್ಯನಾಮ. ಶಾಲೆಯ ಹೆಸರು ‘ಮಿಡ್ವಿಚ್’, ಜಾನ್ ವಿಂಡಮ್ ಅವರ 1957ರ ಕಾದಂಬರಿಯ ಊರು. ಮಂಜು ಕವಿದ ಊರು, ಅದರೊಳಗಿನ ವಿಕಾರ ಜೀವಿಗಳು, ಮಗುವಿಗಾಗಿ ಒದ್ದಾಡುವ ಅಪ್ಪ – ಇವು ಕಿಂಗ್ ಅವರ 1980ರ ‘ದಿ ಮಿಸ್ಟ್’ ಕಥೆಯಲ್ಲೂ ಇವೆ. ಆದರೆ ಮಂಜಿಗೆ ಇನ್ನೊಂದು ಸರಳ ಕಾರಣವೂ ಇತ್ತು. ದೂರದ ದೃಶ್ಯಗಳನ್ನು ತೋರಿಸುವ ಶಕ್ತಿ ಆಗಿನ ಪ್ಲೇಸ್ಟೇಷನ್‌ಗೆ ಇರಲಿಲ್ಲ. ಮಂಜು ಆ ಕೊರತೆಯನ್ನು ಮುಚ್ಚಿತು.

ಹಾಗಾದರೆ ಫ್ಯಾನ್ ಥಿಯರಿಗಳೆಲ್ಲ ಸುಳ್ಳೇ?

ಅಲ್ಲ. 2001ರ ಎರಡನೇ ಗೇಮ್‌ನಲ್ಲಿ, ಸತ್ತ ಹೆಂಡತಿಯಿಂದ ಪತ್ರ ಬಂತೆಂದು ಜೇಮ್ಸ್ ಈ ಊರಿಗೆ ಬರುತ್ತಾನೆ. ಕಥೆಗೆ ಹಲವು ಅಂತ್ಯಗಳಿವೆ. ಅವನು ಇಲ್ಲೇ ಮತ್ತೆ ಮತ್ತೆ ಸುತ್ತುತ್ತಿದ್ದಾನೆ ಎಂಬುದು ಅಭಿಮಾನಿಗಳ ಊಹೆ. 2024ರಲ್ಲಿ ಬಂದ ಹೊಸ ಆವೃತ್ತಿಯ 26 ಫೋಟೊಗಳಲ್ಲಿ ಅಡಗಿದ್ದ ಅಕ್ಷರಗಳನ್ನು ಅವರೇ ಜೋಡಿಸಿದಾಗ, “ನೀನು ಇಲ್ಲಿಗೆ ಬಂದು ಎರಡು ದಶಕವಾಯಿತು” ಎಂಬ ಅರ್ಥದ ವಾಕ್ಯ ಸಿಕ್ಕಿತು. ಊಹೆಗೆ ಬಲ ಬಂತು. ಆದರೂ ಆ ಮಾತು ಜೇಮ್ಸ್‌ಗೋ, 2001ರಿಂದ ಆಡುತ್ತಿರುವ ಆಟಗಾರರಿಗೋ ಎಂಬ ಚರ್ಚೆಗೆ ಜಾಗ ಉಳಿದಿದೆ.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ

• ಯಾವುದು ಮೊದಲು ಬಂತು?
• ಹೇಳಿರುವುದು ಗೇಮ್ ಬಗ್ಗೆಯೋ, ಸಿನಿಮಾ ಬಗ್ಗೆಯೋ?
• ಸಾಕ್ಷಿ ಕೃತಿಯೊಳಗೇ ಇದೆಯೇ, ಬರೀ ಹೋಲಿಕೆಯೇ?

ಫೋಟೊದಲ್ಲಿ ಹೆಚ್ಚಾಗಿ ಕಾಣುವ ಸೆಂಟ್ರೇಲಿಯಾದ ಹಳೆಯ ಹೆದ್ದಾರಿಯನ್ನು 2020ರಲ್ಲೇ ಮಣ್ಣು ಸುರಿದು ಮುಚ್ಚಲಾಗಿದೆ. ಅಲ್ಲಿ ಈಗಲೂ ವಿಷಾನಿಲ ಮತ್ತು ನೆಲಕುಸಿತದ ಅಪಾಯವಿದೆ. ಜನ ಮನೆಮಠ ಬಿಟ್ಟು ಹೋಗಿದ್ದು ದೆವ್ವಕ್ಕೆ ಹೆದರಿ ಅಲ್ಲ, ಆರಿಸಲಾಗದ ಬೆಂಕಿಯಿಂದ. ಅವರ ಊರನ್ನು ‘ದೆವ್ವದ ಊರು’ ಎಂದು ಹಂಚುವಾಗ ಇದು ನೆನಪಿರಲಿ.