ತೋಟಕ್ಕೆ ಟ್ರ್ಯಾಕ್ಟರ್: ಮೊದಲು ಟೇಪು, ಆಮೇಲೆ ಎಚ್‌ಪಿ

ಊರಲ್ಲಿ ಯಾರಾದ್ರೂ ಟ್ರ್ಯಾಕ್ಟರ್ ತಗೊಂಡರೆ ಎಲ್ಲರೂ ಕೇಳೋ ಮೊದಲ ಪ್ರಶ್ನೆ "ಎಷ್ಟು ಎಚ್‌ಪಿ?" ಎರಡನೇದು "ಎಷ್ಟಾಯ್ತು?" ಎಂಜಿನಿಯರಿಂಗ್ ಓದುತ್ತಿರೋ ನಾವೂ ಅದೇ ಎರಡು ಪ್ರಶ್ನೆಗೆ ನಿಂತುಬಿಡ್ತೀವಿ ಅನ್ನೋದು ಬೇಜಾರಿನ ವಿಷಯ. ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿಗೆ ಬಂದು ಓದುತ್ತಿರುವ ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಎರಡು ಮೂರು ಎಕರೆ ತೆಂಗು-ಅಡಿಕೆ ತೋಟ ಇದೆ. ಎತ್ತು ಮಾರಿ ವರ್ಷಗಳಾದವು, ಆಳು ಸಿಗಲ್ಲ, ಮಕ್ಕಳು ಹಾಸ್ಟೆಲ್ಲಲ್ಲಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದ ಮೇಲಂತೂ ಮಿನಿ ಟ್ರ್ಯಾಕ್ಟರ್ ಮಾತು ಮನೆಮನೆಯಲ್ಲೂ ಎದ್ದಿದೆ. "ನೀನು ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ಯಾವುದು ತಗೊಳ್ಳೋಣ ಹೇಳಪ್ಪ" ಅಂತ ಮನೆಯವರು ಕೇಳಿದಾಗ ಒಂದು ಯೂಟ್ಯೂಬ್ ವಿಡಿಯೋ ಕಳಿಸಿ ಸುಮ್ಮನಾದರೆ ನಾವು ಓದಿದ್ದಾದ್ರೂ ಯಾಕೆ?

ನಮ್ಮ ಅಭಿಪ್ರಾಯ ಇಷ್ಟು: ಮೂರು ಎಕರೆ ತೋಟದ ಒಂದು ಮನೆಗೆ ಒಂದು ಟ್ರ್ಯಾಕ್ಟರ್ ಬೇಡ. ನಾಲ್ಕು ಮನೆಗೆ ಒಂದು ಸಾಕು. ಅದೂ ಯಾವುದು ಅನ್ನೋದನ್ನ ಶೋರೂಮಿನಲ್ಲಿ ಅಲ್ಲ, ತೋಟದಲ್ಲಿ ಟೇಪು ಹಿಡಿದು ತೀರ್ಮಾನ ಮಾಡಬೇಕು.

ತೆಂಗನ್ನ 25ರಿಂದ 30 ಅಡಿಗೆ ಒಂದರಂತೆ ಹಾಕ್ತಾರೆ. ಬರೀ ತೆಂಗಿದ್ದರೆ, ಬುಡದಿಂದ ಆರಾರು ಅಡಿ ಬಿಟ್ಟರೂ ಮಧ್ಯೆ 13 ಅಡಿ ಉಳಿಯುತ್ತೆ. 45 ಎಚ್‌ಪಿ ದೊಡ್ಡ ಗಾಡಿಯೂ ಆರಾಮಾಗಿ ಹೋಗುತ್ತೆ. ಆದರೆ ನಮ್ಮ ಕಡೆ ಈಗ ತೆಂಗಿನ ನಡುವೆ ಅಡಿಕೆ ತುಂಬಿದೆ. ಅಡಿಕೆಗೆ ಹೇಳೋ ಅಂತರ 2.7 ಮೀಟರ್, ಅಂದರೆ 9 ಅಡಿ. ಅಡಿಕೆಯ ಬೇರು ಬಹುಪಾಲು ಬುಡದ ಸುತ್ತಲೇ ಮೇಲುಮೇಲೆ ಇರೋದ್ರಿಂದ ಎರಡೂ ಕಡೆ ಎರಡೂವರೆ ಅಡಿ ಬಿಡಲೇಬೇಕು. ಉಳಿದಿದ್ದು 4 ಅಡಿ. ಕೆಲವರು ಎಂಟಡಿಗೇ ಹಾಕಿದ್ದಾರೆ, ಅಲ್ಲಿ ಮೂರೇ ಅಡಿ. ಇನ್ನು ಡ್ರಿಪ್ ಪೈಪು, ನಡುವೆ ಬಾಳೆ ಇದ್ದರೆ ಆ ಲೆಕ್ಕ ಬೇರೆ. ಮಿನಿ ಟ್ರ್ಯಾಕ್ಟರ್‌ಗಳ ಅಗಲ ಸುಮಾರು ಮೂರರಿಂದ ನಾಲ್ಕು ಅಡಿ. ಅಂದರೆ ಅಂಗೈ ಅಗಲದ ವ್ಯತ್ಯಾಸದಲ್ಲಿ ಗಾಡಿ ತೋಟದೊಳಗೆ ಹೋಗುತ್ತೋ, ಶೆಡ್ಡಲ್ಲೇ ನಿಲ್ಲುತ್ತೋ ಅನ್ನೋದು ನಿರ್ಧಾರ ಆಗುತ್ತೆ.

ತಿರುಗಿಸೋ ಜಾಗ ಯಾರೂ ನೋಡಲ್ಲ. ಗಾಡಿಯ ಟರ್ನಿಂಗ್ ರೇಡಿಯಸ್ ಎರಡೂವರೆ ಮೀಟರ್ ಅಂದುಕೊಳ್ಳಿ. ಪೂರ್ತಿ ಹಿಂದಕ್ಕೆ ತಿರುಗೋಕೆ ಐದು ಮೀಟರ್ ಅಗಲ, ಅಂದರೆ 16 ಅಡಿ ಬೇಕು. 9 ಅಡಿ ಸಾಲಲ್ಲಿ ಪಕ್ಕದ ಸಾಲಿಗೆ ನೇರ ತಿರುಗೋಕೆ ಆಗಲ್ಲ, ಒಂದು ಸಾಲು ಬಿಟ್ಟು ಅದರಾಚೆಯದಕ್ಕೆ ಹೋಗಬೇಕು. ಬೇಲಿ ಅಂಚಿನ ತನಕ ಗಿಡ ಕೂರಿಸಿರೋ ತೋಟದಲ್ಲಿ ಅದಕ್ಕೂ ಜಾಗ ಇಲ್ಲ. ಹೊಸದಾಗಿ ಅಡಿಕೆ ಹಾಕುತ್ತಿರುವ ಮನೆಯವರಿಗೆ ಇದನ್ನ ಈಗಲೇ ಹೇಳಬೇಕು: ಬೇಲಿ ಪಕ್ಕ ಒಂದು ಸಾಲು ಖಾಲಿ ಬಿಡಿ.

ಈಗ ಎಚ್‌ಪಿಗೆ ಬರೋಣ. ಸ್ವರಾಜ್ ಕೋಡ್ ಸುಮಾರು 11, ಮಹೀಂದ್ರ ಯುವರಾಜ್ 215 15, ಮಹೀಂದ್ರ ಜೀವೋ 245 ಮತ್ತು ಕುಬೋಟಾ ನಿಯೋಸ್ಟಾರ್ ಬಿ2441 ಎರಡೂ 24. ಇದರ ನಡುವೆ ಬೆಂಗಳೂರಿನದೇ ಆದ ವಿಎಸ್‌ಟಿ ಕಂಪನಿಯ ಮಿನಿ ಟ್ರ್ಯಾಕ್ಟರ್‌ಗಳೂ ಇವೆ. ಈ ನಂಬರ್‌ಗಳೆಲ್ಲ ಎಂಜಿನ್‌ದು. ತೋಟದಲ್ಲಿ ಮುಖ್ಯ ಕೆಲಸ ರೋಟವೇಟರ್‌ದು, ಅದು ತಿರುಗೋದು ಹಿಂದಿನ ಪಿಟಿಒ ಶಾಫ್ಟ್‌ನಿಂದ, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು. ಹಾಗಾಗಿ ಕೇಳಬೇಕಾದ್ದು ಪಿಟಿಒ ಎಚ್‌ಪಿ. ರೋಟವೇಟರ್ ಬ್ಲೇಡು ಮಣ್ಣು ಕಡಿಯೋವಾಗ ಗಾಡಿಯನ್ನೂ ಸ್ವಲ್ಪ ಮುಂದಕ್ಕೆ ತಳ್ಳುತ್ತೆ, ಎಳೆತ ಹೆಚ್ಚು ಬೇಕಾಗಲ್ಲ. ಕಲ್ಟಿವೇಟರ್ ಕಥೆ ಉಲ್ಟಾ. ಅದನ್ನ ಎಳೀಬೇಕು. ಎಳೆಯೋ ಶಕ್ತಿ ಚಕ್ರದ ಮೇಲಿರೋ ಭಾರಕ್ಕೆ ಕಟ್ಟುಬಿದ್ದಿದ್ದು; ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನ ಫ್ರಿಕ್ಷನ್ ಪಾಠ, ಅಷ್ಟೇ. ಹಗುರ ಗಾಡಿಗೆ ಎಷ್ಟೇ ಎಚ್‌ಪಿ ಇದ್ದರೂ ಹಸಿ ಮಣ್ಣಲ್ಲಿ ಚಕ್ರ ಸುಮ್ಮನೆ ತಿರುಗುತ್ತೆ. ಫೋರ್ ವೀಲ್ ಡ್ರೈವ್‌ಗೆ ಜಾಸ್ತಿ ದುಡ್ಡು ಕೊಡಬೇಕೋ ಬೇಡವೋ ಅನ್ನೋದು ಇಲ್ಲೇ ಗೊತ್ತಾಗೋದು: ಬರೀ ರೋಟವೇಟರ್ ಹೊಡೆಯೋ ಸಮತಟ್ಟು ತೋಟಕ್ಕೆ ಅಷ್ಟು ಅಗತ್ಯ ಇಲ್ಲ, ಕೆರೆ ಹಿಂದಿನ ಜೌಗು ಮಣ್ಣಿಗೆ ಬೇಕು.

ಕಂಪನಿ ಹೇಳಿದ್ದನ್ನೇ ನಂಬಬೇಕಾಗಿಲ್ಲ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಪಿಟಿಒ ಪವರ್, ಡೀಸೆಲ್ ಖರ್ಚು, ತಿರುಗೋ ಜಾಗ, ಕಂಪನ ಎಲ್ಲಾ ಅಳೆದು ವರದಿ ಕೊಡ್ತಾರೆ. ಟೇಬಲ್ಲು, ಗ್ರಾಫು ತುಂಬಿರೋ ಇಂಗ್ಲಿಷ್ ವರದಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೆ ಮನೆಗೆ ಒಂದು ಉಪಯೋಗ ಆಗೋ ಜಾಗ ಇದು.

ಇನ್ನು ದುಡ್ಡು. ಇದೇ ನಿಜವಾದ ವಿಷಯ. ಒಂದು ಮೀಟರ್ ಅಗಲದ ರೋಟವೇಟರ್, ಗಂಟೆಗೆ 2 ಕಿ.ಮೀ. ವೇಗ, ತಿರುಗೋದು ನಿಲ್ಲೋದು ಕಳೆದು ಶೇ. 70 ಸಮಯ ಕೆಲಸ ಅಂತ ಹಿಡಿದರೆ ಗಂಟೆಗೆ 1,400 ಚದರ ಮೀಟರ್. ಒಂದು ಎಕರೆಗೆ ಹತ್ತಿರ ಹತ್ತಿರ 3 ಗಂಟೆ. ಮೂರು ಎಕರೆಗೆ 9. ವರ್ಷಕ್ಕೆ ಮೂರು ಸಲ ಹೊಡೆದರೆ 27 ಗಂಟೆ. ವರ್ಷದಲ್ಲಿ 8,760 ಗಂಟೆ ಇವೆ!

ಲೆಕ್ಕಕ್ಕೆ ಅಂತ ಗಾಡಿ, ರೋಟವೇಟರ್ ಸೇರಿ 6 ಲಕ್ಷ, ಹತ್ತು ವರ್ಷದ ಮೇಲೆ ಮಾರಿದರೆ 2 ಲಕ್ಷ ಅನ್ನಿ. ವರ್ಷಕ್ಕೆ 40,000 ಸವಕಳಿ. ಸರಾಸರಿ 4 ಲಕ್ಷದ ಮೇಲೆ ಶೇ. 10 ಬಡ್ಡಿ ಇನ್ನೊಂದು 40,000. ಒಟ್ಟು 80,000ವನ್ನ 27 ಗಂಟೆಗೆ ಹಂಚಿದರೆ ಗಂಟೆಗೆ 3,000 ಸಮೀಪ, ಡೀಸೆಲ್ ಬಿಟ್ಟು. ಬಾಡಿಗೆ ಗಾಡಿ ಗಂಟೆಗೆ 1,000, ಸ್ವಂತದ್ದಕ್ಕೆ ಡೀಸೆಲ್ 250 ಅಂದುಕೊಂಡರೆ ಗಂಟೆಗೆ ಉಳಿಯೋದು 750. ಆ 80,000 ಹುಟ್ಟಬೇಕಾದರೆ ವರ್ಷಕ್ಕೆ 107 ಗಂಟೆ ಓಡಿಸಬೇಕು. ನಾಲ್ಕು ಮನೆಯ ಕೆಲಸ ಸೇರಿಸಿ: 27 ನಾಲ್ಕಲಿ 108. ನಿಮ್ಮೂರಿನ ರೇಟು ಹಾಕಿ ಮತ್ತೆ ಮಾಡಿ, ಗೊಬ್ಬರ, ತೆಂಗಿನಕಾಯಿ ಸಾಗಿಸೋ ಟ್ರೈಲರ್ ಗಂಟೆಗಳನ್ನೂ ಸೇರಿಸಿ. ಉತ್ತರ ಎರಡು ಮನೆ ಅಂತ ಬರಬಹುದು, ಐದು ಅಂತಲೂ ಬರಬಹುದು. ಒಂದು ಅಂತ ಬರೋದು ಕಷ್ಟ.

"ಸಬ್ಸಿಡಿ ಸಿಗುತ್ತಲ್ಲ" ಅಂತೀರಿ. ಸಿಗಲಿ, ಲೆಕ್ಕದಿಂದ ಕಳೀರಿ. ಆದರೆ ಕೊಬ್ಬರಿ ರೇಟು ಬಿದ್ದ ವರ್ಷ, ಬೋರು ಬತ್ತಿದ ವರ್ಷ ಕಂತು ನಿಲ್ಲಲ್ಲ. ಆ ಕಂತು ನಮ್ಮ ಕಾಲೇಜು ಫೀಸಿನ ಪಕ್ಕದಲ್ಲೇ ಬಂದು ಕೂರುತ್ತೆ.

ನಾಲ್ಕು ಮನೆ ಸೇರಿದರೆ ಜಗಳ ಗ್ಯಾರಂಟಿ, ಹದ ಬಂದಾಗ ಎಲ್ಲರಿಗೂ ಒಂದೇ ದಿನ ಬೇಕು ಅನ್ನೋ ಮಾತು ಬರುತ್ತೆ. ರಾಗಿ ಹೊಲಕ್ಕೆ ಅದು ನಿಜ. ಮಳೆ ಬಿದ್ದು ಹದ ಇರೋದು ನಾಲ್ಕೈದು ದಿನ. ಆ ಕೆಲಸಕ್ಕೆ ದೊಡ್ಡ ಗಾಡಿ ಬಾಡಿಗೆಗೆ ಕರೀರಿ, ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಇರೋದೇ ಅದಕ್ಕೆ. ನೀರು ಬಿಡೋ ತೋಟದಲ್ಲಿ ಅಷ್ಟು ಅವಸರ ಇಲ್ಲ, ಒಂದು ವಾರ ಹೆಚ್ಚು ಕಡಿಮೆ ಆದರೂ ಮರ ಕಾಯುತ್ತೆ. ಜಗಳಕ್ಕೆ ಮದ್ದು ಗಾಡಿಯ ಅವರ್ ಮೀಟರ್. ಹತ್ತುವಾಗ ಒಂದು ರೀಡಿಂಗ್, ಇಳಿಯುವಾಗ ಒಂದು, ಶೆಡ್ಡಲ್ಲಿ ತೂಗುಹಾಕಿದ ನೋಟ್‌ಬುಕ್ಕಿಗೆ. ಸರ್ವೀಸು, ಟೈರು ಖರ್ಚು ಗಂಟೆ ಪ್ರಕಾರ ಹಂಚಿಕೆ. ಯಾರ ಹೆಸರಲ್ಲಿ ಆರ್‌ಸಿ, ಯಾರ ಮನೆ ಹತ್ತಿರ ನಿಲ್ಲಿಸೋದು, ಒಬ್ಬರು ಬಿಟ್ಟುಹೋದರೆ ಪಾಲು ಎಷ್ಟು: ಇಷ್ಟನ್ನ ಗಾಡಿ ತರೋಕೆ ಮುಂಚೆ ಪೇಪರಲ್ಲಿ ಬರೆದು ಸಹಿ ಹಾಕಬೇಕು. ಅಣ್ಣತಮ್ಮಂದಿರಾದರೆ ಇನ್ನೂ ಮುಖ್ಯ.

ಕೊನೆಗೆ, ಓಡಿಸೋರು ಯಾರು? ನಾವಂತೂ ಅಲ್ಲ, ಓದು ಮುಗಿಸಿ ಬೆಂಗಳೂರು ಬಸ್ ಹತ್ತೋರು ನಾವು. ಓಡಿಸೋರು ಐವತ್ತು ದಾಟಿದ ಅಪ್ಪ, ಚಿಕ್ಕಪ್ಪ, ಕೆಲವು ಮನೆಗಳಲ್ಲಿ ಅಮ್ಮ. ಹಿಂದೆ ನಡೆಯೋ ಪವರ್ ಟಿಲ್ಲರ್ ಬೆಲೆ ಕಮ್ಮಿ, ಕಿರಿದು ಸಾಲಿಗೆ ಚೆನ್ನಾಗೂ ಇರುತ್ತೆ, ಆದರೆ ಮೂರು ಗಂಟೆ ಹಿಡಿದರೆ ಭುಜದವರೆಗೆ ನಡುಕ. ಆದ್ದರಿಂದ ಶೋರೂಮಿಗೆ ಓಡಿಸೋರನ್ನೇ ಕರ್ಕೊಂಡು ಹೋಗಿ. ಸೀಟಲ್ಲಿ ಕೂರಿಸಿ, ಕ್ಲಚ್ಚಿಗೆ ಅವರ ಕಾಲು ಪೂರ್ತಿ ಎಟುಕುತ್ತಾ ನೋಡಿ. ಪಿಟಿಒ ಶಾಫ್ಟಿಗೆ ಕವರ್ ಇದೆಯಾ ನೋಡಿ, ಪಂಚೆ, ಸೀರೆ ಸೆರಗು ಸಿಕ್ಕಿಕೊಂಡರೆ ಬಿಡಿಸೋಕೆ ಸಮಯ ಇರಲ್ಲ. ಬದು ಹತ್ತಿಸೋ ತೋಟ ಆದರೆ ಗಾಡಿ ಮಗುಚಿದಾಗ ಕಾಪಾಡೋ ಕಬ್ಬಿಣದ ಫ್ರೇಮ್ ಹಾಕಿಸೋಕೆ ಆಗುತ್ತಾ ಕೇಳಿ. ಮ್ಯೂಸಿಕ್ ಸಿಸ್ಟಮ್ ಆಮೇಲೆ ನೋಡ್ಕೊಳ್ಳೋಣ.