ಹಳೇ ಗಾಡಿಯ ವಯಸ್ಸು ಕೇಳ್ತೀರಿ, ದಮ್ಮು ಕೇಳೋದಿಲ್ಲ!

ಬಳ್ಳಾರಿಗೆ ಸಮುದ್ರವಿಲ್ಲ. ಇರೋದು ಬಿಸಿಲು, ಧೂಳು, ತುಂಗಭದ್ರೆ ಕಾಲುವೆ. ಆದರೂ ಬೇಸಿಗೆ ರಜೆಯಲ್ಲಿ ಸಿರುಗುಪ್ಪ ರಸ್ತೆಗೆ ಬಂದು ನಿಂತು ನೋಡಿ. ಹಳೇ ಜೀಪಿನ ಮೇಲೆ ಟ್ರಾಕ್ಟರ್ ಟ್ಯೂಬು ಕಟ್ಟಿಕೊಂಡು ಹುಡುಗರ ದಂಡು ನೀರಿನ ಕಡೆ ಹೊರಟಿರುತ್ತದೆ. (ಕಾಲುವೆಗೆ ಮಾತ್ರ ಇಳೀಬೇಡ್ರಪ್ಪಾ, ಸೆಳವು ಕೆಟ್ಟದ್ದು.)

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಲೆಗಳ ಮೇಲೆ ಹಲಗೆ ಸವಾರಿ ಮಾಡುವ ಹುಡುಗರದ್ದೂ ಇದೇ ಕಥೆ. 1950-60ರ ಸುಮಾರಿಗೆ ಅವರು ಹಿಡಿದದ್ದು ಮರದ ಮೈಯ ಹಳೇ ‘ವುಡಿ’ ಕಾರುಗಳನ್ನು. ಚಂದಕ್ಕಲ್ಲ ಸ್ವಾಮಿ! ಮರಕ್ಕೆ ಮತ್ತೆ ಮತ್ತೆ ವಾರ್ನಿಷ್ ಬಳಿಯೋ ರಗಳೆಗೆ ಬೇಸತ್ತ ಮಾಲೀಕರು ಚಿಲ್ಲರೆ ದುಡ್ಡಿಗೆ ಮಾರುತ್ತಿದ್ದರು, ಉದ್ದನೆಯ ಹಲಗೆ ಸಲೀಸಾಗಿ ಒಳಗೆ ಹಿಡಿಸುತ್ತಿತ್ತು. ಆಮೇಲೆ ಬಂತು 1950ರಲ್ಲಿ ಹುಟ್ಟಿದ ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು. ದಂಡೆಯಲ್ಲೇ ರಾತ್ರಿ ಮಲಗೋ ಮನೆ ಅದು. 2013ರ ಕೊನೆಗೆ ಬ್ರೆಜಿಲ್‌ನಲ್ಲಿ ಅದರ ತಯಾರಿಕೆ ನಿಂತಿತು. ಈಗ ಅಂಥ ಹಳೇ ವ್ಯಾನಿಗೆ ಲಕ್ಷ ಡಾಲರ್ ಸುರಿಯೋ ಸಾಹುಕಾರರಿದ್ದಾರೆ. ಬಡವರ ಗಾಡಿ ಶೋಕೇಸು ಸೇರಿತು.

ನಮ್ಮಲ್ಲಿ ಅಂಬಾಸಿಡರ್ 2014ರಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಮೊದಲೇ ಹೋಯಿತು. ಆದರೆ ಸಿರುಗುಪ್ಪದ ಎರೆಮಣ್ಣಿಗೆ, ಭತ್ತದ ಗದ್ದೆ ದಾರಿಗೆ ಹಳೇ ಜೀಪೇ ಬೇಕು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಹೊರಟ ಮನೆಮಂದಿಯೆಲ್ಲಾ ಅದರಲ್ಲೇ ತುಂಬಿಕೊಳ್ಳುತ್ತಾರೆ. ಎಷ್ಟು ಜನ ಅಂತ ಪೊಲೀಸರು ಕೇಳಬಾರದು ಅಷ್ಟೆ! ದಾರಿಯಲ್ಲಿ ಕೆಟ್ಟರೆ ಒಂದು ಸ್ಪ್ಯಾನರ್, ಒಂದು ತಂತಿ ಸಾಕು. ಹೊಸ ಕಾರು ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದವನು ಬರೋ ತನಕ ಬಿಸಿಲಲ್ಲಿ ಒಣಗಬೇಕು. ಈ ಬರೆಯುವವನು ಪಿಯುಸಿ ಬಿಟ್ಟು ಸ್ಟೇರಿಂಗ್ ಹಿಡಿದದ್ದೂ ಇಂಥದೇ ಜೀಪಿನಲ್ಲಿ, ಆದ್ದರಿಂದ ಸ್ವಲ್ಪ ಪಕ್ಷಪಾತವಿದೆ, ಒಪ್ಪುತ್ತೇವೆ.

ಈಗ ಸರ್ಕಾರದ ಲೆಕ್ಕ ನೋಡಿ. 2021ರ ಜುಲೈ ನಿಯಮದಂತೆ 50 ವರ್ಷ ದಾಟಿದ ಗಾಡಿ ‘ವಿಂಟೇಜ್’. ನೋಂದಣಿಗೆ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿಗೆ ಒಯ್ಯಬಹುದು, ದಿನಾ ಓಡಿಸುವಂತಿಲ್ಲ. 50 ಆಗದ ಗಾಡಿಯೋ? 15 ವರ್ಷ ಮುಗಿದ ಮೇಲೆ ನೋಂದಣಿ ನವೀಕರಣ. ಕಾರಿಗೆ 600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ಬೆಂಗಳೂರಿನ ಶ್ರೀಮಂತ ತನ್ನ ಗಾಡಿಗೆ ಪಾಲಿಶ್ ಹೊಡೆಸಿ ಫೋಟೋ ತೆಗೆಸಿಕೊಳ್ಳುತ್ತಾನೆ. ಮೂಟೆ ಹೊತ್ತು ಮುಪ್ಪಾದ ಸಿರುಗುಪ್ಪದ ಜೀಪು ಗುಜರಿ ಅಂಗಡಿ ಕಡೆ ಮುಖ ಮಾಡಬೇಕು.

ಹೊಗೆ ಉಗುಳೋದು ಹೋಗಲಿ, ಬ್ರೇಕಿಲ್ಲದ್ದು ಮೊದಲು ಹೋಗಲಿ, ತಕರಾರಿಲ್ಲ. ಆದರೆ ಹೊಗೆ ಪರೀಕ್ಷೆ, ಬ್ರೇಕು ಪರೀಕ್ಷೆ ಎರಡೂ ಪಾಸಾದ ಗಾಡಿಗೆ ವಯಸ್ಸಾಯಿತೆಂದು ದಂಡ ಯಾಕೆ? ರೈತನ ಜೀಪಿಗಾದರೂ ಹಳೇ ದರ ಇಡಿ ಎಂದು ನಮ್ಮ ಜಿಲ್ಲೆಯ ಶಾಸಕರು, ಸಂಸದರು ಒಂದು ಪತ್ರ ಬರೆಯಲಿ. ಚುನಾವಣೆಯಲ್ಲಿ ಅವರೂ ತೆರೆದ ಜೀಪಿನಲ್ಲೇ ನಿಂತು ಕೈಮುಗಿದು ಬಂದವರಲ್ಲವೇ!