ಇನ್ನೊಂದು ವರ್ಷ ಅಂದ್ರೆ ಯಾರ ವರ್ಷ?

ನೀಟ್ ಫಲಿತಾಂಶ ಬಂದ ವಾರದಲ್ಲಿ ಊರಿಂದ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. "ಲಾಂಗ್ ಟರ್ಮ್‌ಗೆ ಹಾಕ್ಬಿಡ್ಲೇನಪ್ಪಾ? ಇನ್ನೊಂದು ವರ್ಷ ತಾನೆ?" ಕೇಳುವಷ್ಟರಲ್ಲಿ ಅರ್ಧ ತೀರ್ಮಾನ ಆಗಿರುತ್ತೆ. ಬಸ್‌ಸ್ಟ್ಯಾಂಡ್ ಎದುರಿನ ಕೋಚಿಂಗ್ ಫ್ಲೆಕ್ಸ್ ನೋಡಿ ಬಂದಿರುತ್ತಾರೆ, ಚೀಟಿ ಎತ್ತುವ ಮಾತೂ ಆಗಿರುತ್ತೆ. ನಾನು ಹೂಂ ಅನ್ನಬೇಕು ಅಷ್ಟೆ. ನಾನು ಅನ್ನಲ್ಲ. ಅದಕ್ಕೆ "ಬೆಂಗಳೂರು ಸೇರ್ಕೊಂಡ್ಮೇಲೆ ಇವ್ನಿಗೆ ಊರಿನ ಮಕ್ಕಳು ಮುಂದೆ ಬರೋದು ಬೇಕಿಲ್ಲ" ಅನ್ನೋ ಬಿರುದೂ ಸಿಕ್ಕಿದೆ.

ಮತ್ತೆ ಬರೆಯುವುದಕ್ಕೆ ನನ್ನ ತಕರಾರಿಲ್ಲ. ಉತ್ತರ ತೆಗೆದು ನೋಡದೆ ದುಡ್ಡು ಕಟ್ಟುವುದಕ್ಕಿದೆ.

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಡಿತ. ಇಬ್ಬರು ಹುಡುಗರಿಗೆ ತಲಾ 430 ಬಂದಿದೆ ಅಂದ್ಕೊಳ್ಳಿ. ಒಬ್ಬ 170 ಪ್ರಶ್ನೆ ಬರೆದು 120 ಸರಿ, 50 ತಪ್ಪು ಮಾಡಿದ್ದಾನೆ. ಇನ್ನೊಬ್ಬ ಮುಟ್ಟಿದ್ದೇ 110, ಅದರಲ್ಲಿ ತಪ್ಪಾಗಿದ್ದು ಎರಡು. ಲೆಕ್ಕ ಹಾಕಿ ನೋಡಿ, ಇಬ್ಬರದ್ದೂ 430ಕ್ಕೇ ಬಂದು ನಿಲ್ಲುತ್ತೆ. ಕೋಚಿಂಗ್ ಕೌಂಟರಿನಲ್ಲೂ ಇಬ್ಬರೂ ಒಂದೇ. ಅದೇ ಫೀಸು, ಅದೇ ಬ್ಯಾಚು, ಮೊದಲ ಪಾಠದಿಂದ ಶುರು. ಮೊದಲನೆಯವನು ಪಾಠ ಎಲ್ಲಾ ಓದಿದ್ದಾನೆ, ಗೊತ್ತಿಲ್ಲದ ಕಡೆ ಕೈ ಬಿಡೋಕೆ ಬರಲ್ಲ. ಅವನನ್ನು ಹತ್ತು ತಿಂಗಳು ಅದೇ ಪಾಠಕ್ಕೆ ಕೂರಿಸಿ ಏನು ಮಾಡ್ತೀರಿ? ಮನೆಯಲ್ಲೇ ಹಳೇ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟುಕೊಂಡು ಬಿಡಿಸಲಿ.

ಎರಡನೆಯವನ ಕಥೆ ಬೇರೆ. ಬಿಟ್ಟ 70 ಯಾವ ಪಾಠದ್ದು ಅಂತ ನೋಡಬೇಕು. ನಮ್ಮ ಕಡೆ ಎಷ್ಟೋ ಪಿಯು ಕಾಲೇಜಿಗೆ ಭೌತಶಾಸ್ತ್ರದ ಅತಿಥಿ ಉಪನ್ಯಾಸಕರು ಬರೋ ಹೊತ್ತಿಗೆ ದಸರಾ ಮುಗಿದಿರುತ್ತೆ. ಪಾಠವೇ ಆಗದ ಮಗುವನ್ನು ರಿಪೀಟರ್ ಅಂತ ಕರೆಯೋದೇ ಅನ್ಯಾಯ. ಅದಕ್ಕೆ ಒಂದು ವರ್ಷ ಕೊಡಿ, ಸಾಲ ಮಾಡಿಯಾದರೂ ಕೊಡಿ. ಇದನ್ನೆಲ್ಲ ತಿಳಿಯೋಕೆ ಜ್ಯೋತಿಷ್ಯ ಬೇಕಿಲ್ಲ. ಎನ್‌ಟಿಎಯವರು ಒಎಂಆರ್ ಹಾಳೆಯ ಚಿತ್ರ, ಸರಿಯುತ್ತರ ಎರಡನ್ನೂ ವೆಬ್‌ಸೈಟಿಗೆ ಹಾಕ್ತಾರೆ. ಪಕ್ಕ ಪಕ್ಕ ಇಟ್ಟುಕೊಂಡು ಕೂತರೆ ಒಂದು ಭಾನುವಾರದ ಕೆಲಸ.

ಫ್ಲೆಕ್ಸ್ ವಿಷಯಕ್ಕೆ ಬರೋಣ. ಅದರಲ್ಲಿ ಸೀಟು ಸಿಕ್ಕವರ ಫೋಟೊ ಇರುತ್ತೆ, ಸೇರಿದವರ ಒಟ್ಟು ಲೆಕ್ಕ ಇರಲ್ಲ. ನೂರಕ್ಕೆ ನಲವತ್ತೋ, ಎರಡು ಸಾವಿರಕ್ಕೆ ನಲವತ್ತೋ? ಡೇರಿಗೆ ಹಾಲು ಹಾಕುವಾಗ ಫ್ಯಾಟು ಕೇಳುವ ಜನ ಇಲ್ಲಿ ಯಾಕೆ ಸುಮ್ಮನಾಗ್ತೀರಿ ಸ್ವಾಮಿ? ಇಂಥ ಜಾಹೀರಾತಿನ ಮೇಲೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲೇ ಮಾರ್ಗಸೂಚಿ ತಂದಿದೆ. ಫೋಟೊದಲ್ಲಿರುವವನು ಅಲ್ಲಿ ಯಾವ ಕೋರ್ಸ್ ಓದಿದ, ಎಷ್ಟು ದಿನದ್ದು ಅಂತ ಹೇಳಬೇಕು. ಅದೇ ವರ್ಷ ಜನವರಿಯಲ್ಲಿ ಶಿಕ್ಷಣ ಸಚಿವಾಲಯ, ಪೂರ್ತಿ ಫೀಸು ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ದುಡ್ಡು ವಾಪಸ್ ಕೊಡಬೇಕು ಅಂದಿದೆ. ಕಟ್ಟುವ ಮೊದಲು ಇದನ್ನು ಬರೆದು ಕೊಡಿ ಅಂತ ಕೇಳಿ ನೋಡಿ, ಕೌಂಟರಿನವರ ಮುಖ ಹೇಗಾಗುತ್ತೆ ಅಂತ.

ಇಂಜಿನಿಯರಿಂಗ್ ಸೀಟಿಗಾಗಿ ವರ್ಷ ಬಿಡೋರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಸಿಇಟಿ ರ‍್ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಸಿಇಟಿಯಲ್ಲಿ 180ಕ್ಕೆ 60 ಬಂದವನು ವರ್ಷವೆಲ್ಲ ಓದಿ 90 ತೆಗೆದರೂ ಒಟ್ಟು ಲೆಕ್ಕಕ್ಕೆ ಏರೋದು ನೂರಕ್ಕೆ ಎಂಟು ಚಿಲ್ಲರೆ. ಪಿಯು ಅರ್ಧ ಹಾಗೇ ಕೂತಿರುತ್ತೆ. ನಾನೂ ಹತ್ತಾರು ಜನರ ಇಂಟರ್‌ವ್ಯೂ ಮಾಡಿದ್ದೀನಿ, ಯಾರಿಗೂ ಸಿಇಟಿ ರ‍್ಯಾಂಕ್ ಕೇಳಿಲ್ಲ. ಅದೂ ಅಲ್ಲದೆ ನಿಯಮ ಹೀಗೇ ಇರುತ್ತೆ ಅಂತ ಗ್ಯಾರಂಟಿ ಯಾರು ಕೊಟ್ಟರು? 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಆ ಬ್ಯಾಚಿನವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಅವರ ಪಿಯು ಅಂಕ ಲೆಕ್ಕಕ್ಕೇ ಬರಲಿಲ್ಲ. ಮಕ್ಕಳು ಹೈಕೋರ್ಟಿಗೆ ಹೋದರು, ಕೋರ್ಟು ಅವರ ಪರ ಹೇಳಿತು, ರ‍್ಯಾಂಕ್ ಪಟ್ಟಿ ಮತ್ತೆ ಮಾಡಬೇಕಾಯಿತು. ಓದಬೇಕಾದ ಮಕ್ಕಳು ತಿಂಗಳುಗಟ್ಟಲೆ ಕೋರ್ಟಿನ ಸುದ್ದಿ ಓದ್ಕೊಂಡು ಕೂತಿದ್ದರು.

ಇನ್ನು ಯಾರೂ ಫೋನಿನಲ್ಲಿ ಕೇಳದ ಮಾತೊಂದಿದೆ. ಈ ಇನ್ನೊಂದು ವರ್ಷ ನಮ್ಮ ಹಳ್ಳಿಗಳಲ್ಲಿ ಗಂಡುಮಕ್ಕಳಿಗೆ ಮಾತ್ರ ಇರೋದು. ಮಗನಿಗೆ 380 ಬಂದರೆ "ಹುಡುಗ ಬುದ್ಧಿವಂತ, ಗಮನ ಕೊಟ್ಟಿಲ್ಲ" ಅಂತ ಕೋಚಿಂಗು, ಹಾಸ್ಟೆಲ್ಲು. ಮಗಳಿಗೆ 450 ಬಂದರೂ ಟೌನಿನ ಕಾಲೇಜಿನಲ್ಲಿ ಬಿ.ಎಸ್ಸಿ. ಹೋದ ಸಲ ಒಂದು ಮನೆಯವರಿಗೆ ಇದನ್ನೇ ಕೇಳಿದೆ. "ಹೆಣ್ಮಗು ಕಣಪ್ಪಾ, ವರ್ಷ ಖಾಲಿ ಕೂತ್ರೆ ಗಂಡು ನೋಡೋಕೆ ಶುರು ಮಾಡ್ತಾರೆ" ಅಂದರು. ಯಾರು ಶುರು ಮಾಡ್ತಾರೆ ಮಾವ, ಅಂದೆ. ಮಾತಾಡಲಿಲ್ಲ. ನೀಟ್ ಇಷ್ಟೇ ಸಲ ಬರೆಯಬೇಕು ಅನ್ನೋ ಮಿತಿಯಿಲ್ಲ. 2022ರಲ್ಲಿ ಗರಿಷ್ಠ ವಯಸ್ಸಿನ ಮಿತಿಯನ್ನೂ ತೆಗೆದರು. ಆ ಹುಡುಗಿಗೆ ಮಿತಿ ಹಾಕಿದ್ದು ಮನೆಯವರು. ಅವಳ ಒಎಂಆರ್ ಹಾಳೆಯನ್ನು ನಾನೇ ತೆಗೆಸಿ ನೋಡಿದೆ. ಜೀವಶಾಸ್ತ್ರದಲ್ಲಿ ಹೆಚ್ಚುಕಮ್ಮಿ ಎಲ್ಲಾ ಸರಿ. ಬಿಟ್ಟಿದ್ದರಲ್ಲಿ ಬಹುಪಾಲು ಭೌತಶಾಸ್ತ್ರ.